ಆ ಚುಕ್ಕಿಯನ್ನು ಅಳಿಸಬೇಡಿ, ಕೊಟ್ರಮ್ಮಜ್ಜಿ

ಕೂಡ್ಲಿಗಿ ಗುಡ್ಡ
2419, ಚೈತ್ರ ಮಾಸದ ಮೂವತ್ತೆಂಟನೆಯ ದಿನ

ಹದಿಮೂರು ತಲೆಮಾರಿನ ಹಿಂದಿನ ನನ್ನ ಕೊಟ್ರಮ್ಮಜ್ಜಿಗೆ ಶರಣು.

ನಮ್ಮ ತಿಂಗಳುಗಳು ಉದ್ದವಾಗಿವೆ, ಮಾತೂ ಬದಲಾಗಿದೆ. ನಿಮ್ಮ ದಿನಚರಿಯನ್ನು ಓದಿ ಓದಿ ಈ ಕನ್ನಡ ಕಲಿತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. "ನಾಕುನೂರು ವರ್ಷ ಹಿಂದಕ್ಕೆ ಕಾಗದ ಬರೀತೀಯಲ್ಲೇ, ತಲಿ ನೆಟ್ಟಗೈತಾ?" ಎಂದು ಗೆಳತಿ ಬಸಮಣಿ ನಗುತ್ತಾಳೆ. ನಗಲಿ.

ಇಲ್ಲಿ ಆಕಾಶದ ತುಂಬ ನಾವೇ ಹಾರಿಬಿಟ್ಟ ದೀಪಗಳು. ವರ್ಷಕ್ಕೊಂದು ರಾತ್ರಿ ಮಾತ್ರ ಅವನ್ನೆಲ್ಲ ಆರಿಸುತ್ತೇವೆ; ಅದಕ್ಕೆ ಬಾನುಪವಾಸ ಎನ್ನುತ್ತೇವೆ. ಹೆಸರಿಗಷ್ಟೇ ಉಪವಾಸ, ಊರಿಗೆ ಊರೇ ಮಾಳಿಗೆ ಹತ್ತಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತದೆ. ನಿನ್ನೆ ನಾನು ನಿಮ್ಮದೇ ಆರಿಂಚಿನ ದೂರದರ್ಶಕ ಹೂಡಿ, ನೀವು ಚಿತ್ರ ತೆಗೆದ ಸುರುಳಿ ಗೆಲಾಕ್ಸಿಯನ್ನೇ ಹುಡುಕಿದೆ. ಸಿಕ್ಕಿತಜ್ಜಿ! ರೊಟ್ಟಿಯನ್ನು ಅಂಚಿನಿಂದ ನೋಡಿದ ಹಾಗೆ ತೆಳ್ಳಗೆ, ನಡುವೆ ಉಬ್ಬು, ಉದ್ದಕ್ಕೂ ಕಪ್ಪು ಗೆರೆ. ನಾನು ಕುಣಿದೇಬಿಟ್ಟೆ.

ಆ ಗೆರೆ ಕಂಡು ನೀವು, "ಕನ್ನಡಿ ಮ್ಯಾಲೆ ಕೂದ್ಲು ಕುಂತೈತಿ" ಎಂದು ದಿನಚರಿಯಲ್ಲಿ ಬರೆದು, ದೂರದರ್ಶಕದ ಕನ್ನಡಿ ಬಿಚ್ಚಿ ತೊಳೆದು, ಹತ್ತು ದಿನ ಬಿಟ್ಟು ಮತ್ತೆ ಚಿತ್ರ ತೆಗೆದಿರಿ. ಗೆರೆ ಹೋಗಲಿಲ್ಲ, ಅದು ಗೆಲಾಕ್ಸಿಯದೇ ಧೂಳು. ಆದರೆ ಗೆರೆಯ ಎಡತುದಿಯಲ್ಲಿ, ಮೊದಲ ಚಿತ್ರದಲ್ಲಿಲ್ಲದ ಚುಕ್ಕಿಯೊಂದು ಬಂತು. "ಇದು ಕ್ಯಾಮೆರಾದ್ದೇ ಕಸ. ನಾಳೆ ಅಳ್ಸಿ, ಪಟ ಮಾಡ್ಸಿ ಡಬ್ಬಿಗೆ ಹಾಕ್ತೀನಿ." ದಿನಚರಿ ಅಲ್ಲಿಗೆ ನಿಂತಿದೆ.

ಕಸವಲ್ಲ, ಅಜ್ಜಿ! ಚಂದ್ರನ ಮೇಲಿನ ದೊಡ್ಡ ದೂರದರ್ಶಕದವರು ಅದೇ ಜಾಗದಲ್ಲಿ ಸಿಡಿದ ನಕ್ಷತ್ರದ ಬೂದಿ ಕಂಡಿದ್ದಾರೆ. ಆ ಸಿಡಿತದ ಬೆಳಕು ಭೂಮಿಗೆ ಯಾವಾಗ ಬಂತೆಂದು ಯಾರಿಗೂ ಗೊತ್ತಿಲ್ಲ. ನಮ್ಮಜ್ಜಿ ನೋಡಿದ್ದಾಳೆ ಎಂದರೆ, ಪಂಡಿತರು ಪಟ ತೋರಿಸು ಎನ್ನುತ್ತಾರೆ. ತೋರಿಸಿದರೆ ಆ ನಕ್ಷತ್ರಕ್ಕೆ ಕೊಟ್ರಮ್ಮ ಎಂದೇ ಹೆಸರು.

ಕಸ ಕಂಡರೆ ನಿಮಗೆ ಆಗದು, ಗೊತ್ತು. ಆದರೂ ಈ ಪತ್ರ ನಿಮ್ಮ ಆ ನಾಳೆಗೆ ಮೊದಲೇ ಕೈ ಸೇರಲಿ. ಒಂದೇ ಒಂದು ಸಲ ಸೋಮಾರಿಯಾಗಿ, ಚುಕ್ಕಿಯನ್ನು ಅಲ್ಲೇ ಬಿಡಿ.

ನೀವು ಪಟ ಹಾಕುತ್ತೇನೆಂದ ಆ ತಗಡಿನ ಡಬ್ಬಿ ನನ್ನ ಮುಂದಿದೆ. ಇಷ್ಟು ವರ್ಷ ಯಾರೂ ತೆರೆದಿಲ್ಲ, ನಾನೂ ತೆರೆದಿಲ್ಲ. ಮೊದಲು ನಿಮಗೆ ಬರೆಯಬೇಕಿತ್ತು. ಬರೆದಾಯಿತು. ಈಗ ಮುಚ್ಚಳಕ್ಕೆ ಕೈ ಹಾಕುತ್ತಿದ್ದೇನೆ.

ನಿಮ್ಮ ಕುಡಿ,
ನೀಲಾಂಬೆ