ವಾಸುವಿನ ಬೆಸುಗೆ ಮತ್ತು ಕಿರುಚಿದ ಯಂತ್ರ

ನನ್ನ ಬೆನ್ನಿಗೆ ಬಿದ್ದ ತಮ್ಮ ವಾಸುವಿಗೆ,

ನೀನು ತೀರಿಹೋದ ಮೇಲೆ ಕ್ರೋಂಪೇಟೆಯ ನಮ್ಮ ವೆಲ್ಡಿಂಗ್ ಶೆಡ್ಡಿನ ಬೀಗದ ಕೈ ನನ್ನ ಸೊಂಟಕ್ಕೇ ಬಂದಿದೆ. ನೀನು ಕೊನೆಯದಾಗಿ ಬೆಸೆದ ಸ್ಟೀಲಿನ ನಿರ್ವಾತ ಪೆಟ್ಟಿಗೆ ಅಲ್ಲೇ ಕೂತಿತ್ತು. ಮೊನ್ನೆ ಅದನ್ನು ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರು ಪರೀಕ್ಷೆಗೆ ಬಂದರು. ಬೆಲ್ಟಿನಲ್ಲಿ ಪೇಜರ್, ಬಾಯಿ ತುಂಬ ನಗು. ಅಷ್ಟು ನಗುವವರನ್ನು ನಾನು ಎಂದಾದರೂ ನಂಬಿದ್ದುಂಟೇ?

ಲೀಕ್ ಹಿಡಿಯುವ ಯಂತ್ರವನ್ನು ಮೊದಲ ಸಲ ಬಾಡಿಗೆಗೆ ತಂದ ದಿನ ನೆನಪಿದೆಯಾ? ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದೆ: “ಅಕ್ಕಾ, ಪೆಟ್ಟಿಗೆಯೊಳಗಿನ ಗಾಳೀನೆಲ್ಲ ಪಂಪು ಎಳೆದುಬಿಡುತ್ತೆ. ಹೊರಗಿಂದ ನಾವು ಹೀಲಿಯಂ ಬಿಡ್ತೀವಿ. ಕಣ್ಣಿಗೆ ಕಾಣದ ತೂತಿದ್ರೂ ಒಳಗೆ ನುಗ್ಗುತ್ತೆ. ಈ ಯಂತ್ರಕ್ಕೆ ಬೇರೆ ಗಾಳಿ ಲೆಕ್ಕಕ್ಕಿಲ್ಲ. ಹೀಲಿಯಂ ಬಂತೋ, ಕಿರುಚುತ್ತೆ.”

“ಸುಳ್ಳೇ ಕಿರುಚಿದ್ರೆ?” ಅಂದೆ.

“ಹಾಲಿನವನನ್ನೂ ನಂಬದವಳು ನೀನು. ಈ ಕೆಲಸಕ್ಕೆ ನೀನೇ ಸರಿ!”

ಮೊನ್ನೆ ಕಿರುಚಿತು ಕಣೋ. ಇನ್‌ಸ್ಪೆಕ್ಟರು ಸಣ್ಣ ನಳಿಕೆಯಿಂದ ನಿನ್ನ ಬೆಸುಗೆಯ ಗೆರೆಗೆ ಹೀಲಿಯಂ ಬಿಟ್ಟಿದ್ದೇ ತಡ, ಯಂತ್ರದ ಮುಳ್ಳು ಹಾರಿತು. “ಇದನ್ನ ಉಜ್ಜಿ ತೆಗೆದು ಹೊಸದಾಗಿ ವೆಲ್ಡಿಂಗ್ ಮಾಡಿಸಿಬಿಡಿ ಮಾಮಿ,” ಅಂದರು. ನಮ್ಮ ಫಿಟ್ಟರ್ ಮಣಿ ಗ್ರೈಂಡರ್ ಎತ್ತಿಕೊಂಡೇಬಿಟ್ಟ. ನಿನ್ನ ಕೈಯ ಕೊನೆಯ ಕೆಲಸ! ಅದೂ ಹೋದರೆ ನಿನ್ನದು ಅಂತ ಇನ್ನೇನು... ಇನ್‌ಸ್ಪೆಕ್ಟರ ಮೇಲೆ, ಯಂತ್ರದ ಮೇಲೆ, ಅರೆಗಳಿಗೆ ನಿನ್ನ ಮೇಲೂ ಅನುಮಾನ ಬಂತು. ನಿನ್ನ ಕಣ್ಣು ಮಂಜಾದದ್ದನ್ನು ನನ್ನಿಂದ ಮುಚ್ಚಿಟ್ಟಿದ್ದೆಯಲ್ಲ?

ಬೆವರೊರೆಸಲು ಸೆರಗು ಹಿಡಿದರೆ, ಅದು ಫ್ಯಾನಿನ ಗಾಳಿಗೆ ಪೆಟ್ಟಿಗೆಯ ಗಾಜಿನ ಕಿಂಡಿಯ ಕಡೆಗೆ ಹಾರುತ್ತಿತ್ತು. ಈ ಊರಿನ ಮೇ ತಿಂಗಳಲ್ಲಿ ಯಾರು ಫ್ಯಾನ್ ಆರಿಸುತ್ತಾರೆ, ಹೇಳು? ಬೆಸುಗೆಗೆ ಬಿಟ್ಟ ಹೀಲಿಯಂ ಗಾಳಿಯ ಜೊತೆ ಕಿಂಡಿಗೂ ಹೋಗಿರಬೇಕಲ್ಲ? ಆ ಕಿಂಡಿಯನ್ನೂ ಅದರ ಅಂಚಿನಲ್ಲಿ ಗಾಳಿ ತಡೆಯುವ ರಬ್ಬರ್ ರಿಂಗನ್ನೂ ತಂದು ಕೂರಿಸಿದ್ದು ಆ ಕಂಪನಿಯವರೇ.

“ಮಣಿ, ಫ್ಯಾನ್ ಆಫ್ ಮಾಡು.”

“ಐಯೋ ಮಾಮಿ, ಬೆಂದು ಇಡ್ಲಿ ಆಗ್ತೀವಿ!”

“ಆಗು. ಚಟ್ನಿ ನಾನು ಕೊಡ್ತೀನಿ.”

ಮುಳ್ಳು ಇಳಿಯುವವರೆಗೆ ಕಾದೆವು. ಬೆಸುಗೆಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಟೇಪು ಹಚ್ಚಿ, ಅದರೊಳಕ್ಕಷ್ಟೇ ಹೀಲಿಯಂ ತುಂಬಿಸಿದೆವು. ಮುಳ್ಳು ಅಲುಗಲಿಲ್ಲ. ಎಲ್ಲರ ಮುಖ ಅರಳಿತು, ನನ್ನದೊಂದು ಬಿಟ್ಟು. ಹೀಲಿಯಂ ಸಿಲಿಂಡರೇ ಖಾಲಿಯಾಗಿದ್ದರೆ?

“ಒಳ್ಳೇದು ಹೇಳಿದ್ರೂ ನಂಬಲ್ವಾ ಮಾಮಿ?” ಎಂದು ಇನ್‌ಸ್ಪೆಕ್ಟರು ನಕ್ಕರು.

ಅದೇ ಸಿಲಿಂಡರಿನಿಂದ ಕಿಂಡಿಯ ಅಂಚಿಗೆ ಹೀಲಿಯಂ ಬಿಡಿಸಿದೆ. ಶೆಡ್ಡು ಕಿತ್ತುಹೋಗುವಂತೆ ಯಂತ್ರ ಕಿರುಚಿತು! ಬಿಚ್ಚಿ ನೋಡಿದರೆ, ಒರೆಸುವ ಬಟ್ಟೆಯ ಒಂದು ಎಳೆ ರಿಂಗಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಇನ್‌ಸ್ಪೆಕ್ಟರು ತಾವೇ ಅದನ್ನು ತೆಗೆದು, ಹೊಸ ರಿಂಗ್ ಹಾಕಿ, ಮತ್ತೆ ಪರೀಕ್ಷಿಸಿದರು. ಈ ಸಲ ಯಂತ್ರ ಕಿರುಚಲಿಲ್ಲ. ಅಷ್ಟು ಹೊತ್ತೂ ಅವರು ನಗಲಿಲ್ಲ. ಆಗ ಅವರನ್ನು ಸ್ವಲ್ಪ ನಂಬಿದೆ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ಲಾರಿ ಹತ್ತಿತು, ವಾಸು. ಲೋಡಿನವರು ಹಗ್ಗವನ್ನು ನಿನ್ನ ಬೆಸುಗೆಯ ಮೇಲೆಯೇ ಬಿಗಿಯಲು ಹೊರಟಿದ್ದರು. ಬೈದು, ಗೋಣಿ ಮಡಚಿ ಹಗ್ಗದ ಅಡಿಗೆ ಇಡಿಸಿದೆ. ಗ್ರೈಂಡರ್ ಸೋಕಲಿಲ್ಲ. ನೀನು ಎಳೆದ ಗೆರೆ ನೀನು ಎಳೆದ ಹಾಗೆಯೇ ಹೋಯಿತು.

ನಿನ್ನ ಅಕ್ಕ