ಮೊದಲನೆಯ ಮೊಳೆ

ಓಸಾಕಾ, ನಾನಿವಾ
ಹೈಸೆಯ್ ೧, ಮಾರ್ಚ್ ೧೩

ಪ್ರೀತಿಯ ತಮ್ಮ ಯಾಸುಜಿಗೆ,

ಮೇಲೆ ತಾರೀಖಿನ ಜಾಗದಲ್ಲಿ ಗೀಚಿ ಹಾಕಿರುವುದನ್ನು ಕಂಡು ಅಕ್ಕನಿಗೆ ಏನೋ ಆಗಿದೆ ಅಂದುಕೊಳ್ಳಬೇಡ. ಶೋವಾ ೬೪ ಅಂತ ಬರೆದುಬಿಟ್ಟಿದ್ದೆ. ಚಕ್ರವರ್ತಿಗಳು ಹೋಗಿ ಎರಡು ತಿಂಗಳಾದರೂ ಹೊಸ ಯುಗದ ಹೆಸರು ನನ್ನ ಕೈಗೆ ಬರುತ್ತಿಲ್ಲ. ಬೇರೆ ಹಾಳೆ ತೆಗೆದುಕೊಳ್ಳೋಣ ಅಂದರೆ ಇದು ಆಗಲೇ ನಾಲ್ಕನೆಯದು. ನಿನ್ನ ಕಾರ್ಡು ಬಂದಾಗಲೇ ಉತ್ತರ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಅರ್ಧಕ್ಕೆ ನಿಂತ ಓದು ನನ್ನದು, ಬರೆಯಲು ಕೂತರೆ ಅಕ್ಷರವೂ ಸಿಗುವುದಿಲ್ಲ, ಮಾತೂ ಸಿಗುವುದಿಲ್ಲ. ನೀನು ಮಾತ್ರ ಏನು ಮಹಾ ಬರೆದಿದ್ದೀಯ? "ತಲುಪಿದೆ. ಇಲ್ಲಿ ಚಳಿ ಕಡಿಮೆ. ಹೋಟೆಲಿನ ಬಾಯ್ಲರ್ ದೊಡ್ಡದು." ಅಷ್ಟೇ. ಅದನ್ನೇ ಗಲ್ಲಾದ ಹತ್ತಿರ ಕೂತು ದಿನಾ ಓದುತ್ತೇನೆ. ದೊಡ್ಡದು ಅಂದರೆ ಎಷ್ಟು ದೊಡ್ಡದು? ಸಿಡಿಯುವಂಥದ್ದೇನಲ್ಲ ತಾನೆ?

ನೀನು ಹೋದ ಫುಕುಒಕಾದವರು ಮೀನಿನ ಮೊಟ್ಟೆಗೆ ಖಾರ ಹಾಕಿ ಮೂರು ಹೊತ್ತೂ ತಿನ್ನುತ್ತಾರಂತೆ. ನಿನ್ನ ಹೊಟ್ಟೆ ತಡೆಯುತ್ತದಾ? ಇದರ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಉಣ್ಣೆಯ ಹೊಟ್ಟೆಪಟ್ಟಿ ಎರಡಿದೆ. ಒಂದು ಒಗೆದರೆ ಇನ್ನೊಂದು ಕಟ್ಟಿಕೊ, ಬೇಸಿಗೆ ಬಂತೆಂದು ಬಿಚ್ಚಬೇಡ. ಉಪ್ಪು ಹಾಕಿ ಬೇಯಿಸಿದ ಕಡಲಸೊಪ್ಪೂ ಇದೆ. ಡಬ್ಬಿಯ ಮುಚ್ಚಳ ಸಡಿಲ, ಸೋರಿದ್ದರೆ ಹೊಟ್ಟೆಪಟ್ಟಿಯನ್ನು ಮೊದಲು ತಣ್ಣೀರಿನಲ್ಲಿ ನೆನೆಹಾಕು.

ಇಲ್ಲಿ ನಮ್ಮ ಸ್ನಾನದ ಮನೆ ನಡೆಯುತ್ತಿದೆ, ಬೀದಿಯವರೆಲ್ಲ ಕಾಸು ಕೊಟ್ಟು ಮಿಂದುಹೋಗುತ್ತಾರೆ. ಒಲೆ ನಾನೇ ಉರಿಸುತ್ತಿದ್ದೇನೆ. ನೀನು ಹೇಗೆ ಬರೀ ಕಿವಿಯಿಂದ ಬೆಂಕಿಯ ಹದ ತಿಳಿಯುತ್ತಿದ್ದೆಯೋ ದೇವರಿಗೇ ಗೊತ್ತು. ನನ್ನದು ಒಂದು ದಿನ ತಣ್ಣಗೆ, ಒಂದು ದಿನ ಕೊತಕೊತ. ಮೊನ್ನೆ ಕ್ಷೌರದ ಓಕಿನೋ ತೊಟ್ಟಿಗೆ ಕಾಲಿಟ್ಟವರೇ ಹಾರಿಬಿದ್ದು, ಗೋಡೆಯಾಚೆ ಹೆಂಗಸರ ಕಡೆಗೂ ಕೇಳುವ ಹಾಗೆ ಕೂಗಿದರು: "ಅಕ್ಕಾ! ಇವತ್ತು ನನ್ನನ್ನ ಬೇಯಿಸಿ ಬಡಿಸೋ ಯೋಚನೇನಾ?"

ತೋಫು ಅಂಗಡಿಯ ನಿಶಿವಾಕಿ ಬೆನ್ನು ಉಜ್ಜಿಕೊಳ್ಳುತ್ತಾ, "ಮುದಿ ಮಾಂಸ, ಯಾರು ತಿಂತಾರೆ ಬಿಡು" ಅಂದರು.

"ನಿನ್ನ ತೋಫುಗಿಂತ ವಾಸಿ. ಅದು ಗಟ್ಟಿಯಾಗಿದ್ದು ಯಾವತ್ತು?"

"ಹೋದ ಅಕ್ಟೋಬರ್‌ವರೆಗೆ ಗಟ್ಟಿ ಇತ್ತಪ್ಪಾ. ನಮ್ಮ ಕಿಂತೆತ್ಸು ತಂಡ ಬೇಸ್‌ಬಾಲ್‌ನ ಕೊನೇ ದಿನ ಕೊನೇ ಆಟದಲ್ಲಿ ಮೊದಲ ಸ್ಥಾನವನ್ನ ಕೂದಲೆಳೆಯಲ್ಲಿ ಕಳ್ಕೊಳ್ತಲ್ಲ, ಅವತ್ತಿಂದ ನನ್ನ ಸೋಯಾ ಹಾಲೇ ಹೆಪ್ಪುಗಟ್ತಿಲ್ಲ."

"ನಿನ್ನ ತಂಡ ಸೋತಿತು, ಅಷ್ಟೇ. ಮನೇಲೇ ಇದೆ. ನಮ್ಮ ನಂಕಾಯ್ ಊರೇ ಬಿಟ್ಟು ಫುಕುಒಕಾಕ್ಕೆ ಹೋಯ್ತಲ್ಲೋ!"

ನಿಶಿವಾಕಿ ತಲೆಯ ಮೇಲೆ ನೀರು ಸುರಿದುಕೊಂಡರು. ಯಾಸು, ಈ ಕಾಗದ ಬರೆಯಲು ಕೂತಿದ್ದೇ ಆ ವಿಷಯಕ್ಕೆ. ಸುತ್ತಿ ಬಳಸಿ ಬರುತ್ತಿದ್ದೇನೆ, ನಿನಗೆ ಗೊತ್ತಲ್ಲ ನನ್ನ ಸ್ವಭಾವ.

ಇನ್ನೇನು ತಿಂಗಳೊಳಗೆ ಹೊಸ ಋತು ಶುರು. ಯಾವ ತಂಡ ಎಷ್ಟನೆಯದಾಗುತ್ತದೆ ಅಂತ ಗೋಡೆಯ ಆರು ಮೊಳೆಗೆ ಮೇಲಿಂದ ಕೆಳಕ್ಕೆ ಹೆಸರಿನ ಬಿಲ್ಲೆ ನೇತುಹಾಕಬೇಕು. ಹೋದ ವರ್ಷದ ಭವಿಷ್ಯ ಯಾರದು ನಿಜಕ್ಕೆ ಹತ್ತಿರವೋ ಅವರೇ ಈ ವರ್ಷ ಹಾಕಬೇಕು, ಹಾಕಿದ ಮೇಲೆ ಋತು ಮುಗಿಯುವವರೆಗೆ ಯಾರೂ ಮುಟ್ಟಬಾರದು ಎಂಬುದು ನಿನ್ನ ಭಾವ ಮಾಡಿಟ್ಟ ಕಟ್ಟು. ಹೋದ ವರ್ಷ ನಂಕಾಯ್ ಆರನೆಯದು ಅಂದವಳು ನಾನು, ಅದು ಐದನೆಯದಾಯಿತು. ನೀನು, ಓಕಿನೋ ಮೊದಲನೆಯದು ಅಂದಿದ್ದಿರಿ, ನಿಶಿವಾಕಿ ಮೂರನೆಯದು ಅಂದಿದ್ದರು. ಹಾಗಾಗಿ ಗೆದ್ದವಳು ನಾನೇ. ಹೀಗೆ ಎಷ್ಟು ಸಲ ಗೆದ್ದೆನೋ ಲೆಕ್ಕವಿಲ್ಲ, ಒಂದು ಸಲವೂ ಅದರ ಖುಷಿ ಕಂಡವಳಲ್ಲ.

ಆ ಆರು ಬಿಲ್ಲೆ ನಿನ್ನ ಕಣ್ಣಿಗೆ ಈಗಲೂ ಕಟ್ಟುತ್ತದಾ? ತಂಡ ಗೆದ್ದು ಮಿದೋಸುಜಿಯ ಬೀದಿಯಲ್ಲಿ ಮೆರವಣಿಗೆ ಬಂತಲ್ಲ, ಗಿಂಕೋ ಮರದೆಲೆಗಳು ಹಳದಿಗೆ ತಿರುಗುವ ಹೊತ್ತು, ಅವತ್ತು ನಿನ್ನ ಭಾವ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಸ್ನಾನದ ಮನೆಗೆ ರಜೆ ಕೊಟ್ಟರು. ನೀನು ಇಪ್ಪತ್ತರ ಹತ್ತಿರದ ಹುಡುಗ, ಹಸಿರು ಟೋಪಿ ಹಾಕಿಕೊಂಡು ದೀಪದ ಕಂಬ ಹತ್ತಿದೆ. ಬೀಳುತ್ತೀಯ ಅಂತ ನಾನು ಕೆಳಗೆ ನಿಂತು ನಿನ್ನ ಕಾಲನ್ನೇ ನೋಡುತ್ತಿದ್ದೆ. ಮೆರವಣಿಗೆ ನಾನು ನೋಡಲೇ ಇಲ್ಲ, ನಿನ್ನ ಹಿಮ್ಮಡಿ ನೋಡಿದೆ. ಮನೆಗೆ ಬಂದವರೇ ಭಾವ ಚಪ್ಪಲಿ ಗೂಡುಗಳಿಂದ ಆರು ಮರದ ಬಿಲ್ಲೆ ಎಳೆದು ತಂದು, "ಇನ್ನು ಪ್ರತಿ ವರ್ಷ ಭವಿಷ್ಯ ಹೇಳೋದೇ" ಅಂದರು. ನಂಕಾಯ್‌ಗೆ ನಿನ್ನ ಗೂಡಿನ ಬಿಲ್ಲೆಯೇ ಆಗಬೇಕು ಅಂತ ನೀನು ಹಟ ಹಿಡಿದೆ. ಹೆಸರು ನೀನೇ ಕುಂಚದಲ್ಲಿ ಬರೆದೆ, ಶಾಯಿ ಹೆಚ್ಚಾಗಿ ಒಂದು ಕಡೆ ಹರಿಯಿತು. ಬೇರೆ ಬಿಲ್ಲೆಗಳನ್ನು ಆಮೇಲೆ ಎಷ್ಟು ಸಲ ಕೆರೆದು ಹೊಸ ಹೆಸರು ಬರೆದರೋ. ನಿನ್ನದನ್ನು ಯಾರೂ ಕೆರೆಯಲಿಲ್ಲ.

ಬಿಲ್ಲೆಯೇ ಗೂಡಿನ ಬೀಗದ ಕೈ, ಅದು ಗೋಡೆಯಲ್ಲಿದ್ದರೆ ಗೂಡಿಗೆ ಬೀಗ. ಹಾಗಾಗಿ ಬಿಲ್ಲೆ ತಂದು ಗೂಡು ತೆಗೆಯುವುದು, ತಿರುಗಿ ಹೋಗಿ ಅದನ್ನು ಮೊಳೆಗೆ ಸಿಕ್ಕಿಸುವುದು, ನಿನ್ನದು ದಿನವಿಡೀ ಅದೇ ಓಡಾಟ. ಋತುವಿನ ಮಧ್ಯೆ ಮುಟ್ಟಬಾರದು ಅಂತ ಉಳಿದವರು ರೇಗಿಸಿದರೆ, "ನನ್ನ ಚಪ್ಪಲಿ ಕಣ್ರಯ್ಯಾ, ಬರಿಗಾಲಲ್ಲಿ ಹೋಗ್ಲಾ?" ಅನ್ನುತ್ತಿದ್ದೆ.

ಈಗ ಕೇಳು. ಹಾಂಕ್ಯೂ ತಂಡವನ್ನೂ ಮಾರಿದರಲ್ಲ, ಆ ಬಿಲ್ಲೆಯನ್ನು ಓಕಿನೋ ಸುಮ್ಮನೆ ಕೆರೆದು ಹೊಸ ಹೆಸರು ಬರೆದುಬಿಟ್ಟರು. ಅದು ಪಕ್ಕದ ಊರಿನಲ್ಲೇ ಇದೆ, ನೋವಿಲ್ಲ. ನಂಕಾಯ್ ವಿಷಯಕ್ಕೆ ಬಂದಾಗ ಜಗಳ. ತಂಡವನ್ನು ಕೊಂಡ ಹೊಸ ಯಜಮಾನರ ಹೆಸರು ಬರೆಯಬೇಕು ಅನ್ನುವವರು ಕೆಲವರು. ಓಕಿನೋ ಕೆಂಡವಾದರು. "ಸೂಪರ್ ಮಾರ್ಕೆಟ್ ಹೆಸರು ಬರ್ದು ಅದ್ರ ಕೆಳಗೆ ನಾನು ಬಟ್ಟೆ ಬಿಚ್ಬೇಕಾ? ಸಾಧ್ಯಾನೇ ಇಲ್ಲ!" ನಿಶಿವಾಕಿ ಒಳ್ಳೆಯ ಮಾತನ್ನೇ ಆಡಿದರು: "ಬಿಲ್ಲೆ ಇಳಿಸಿ ಗೂಡಿಗೇ ಹಾಕ್ಬಿಡೋಣ ಅಕ್ಕಾ. ಐದೇ ತಂಡಕ್ಕೆ ಭವಿಷ್ಯ ಹೇಳೋಣ. ಗೂಡು ಯಾರಾದ್ರೂ ಬಳಸ್ಲಿ. ಯಾಸು ಹೇಗೂ ಬರೋದಿಲ್ವಲ್ಲ."

ಅವರು ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೆ ನಿನ್ನ ಗೂಡು ಖಾಲಿಯಿಲ್ಲ. ನಿನ್ನ ಮರದ ಚಪ್ಪಲಿ ಇನ್ನೂ ಅದರೊಳಗೇ ಇದೆ. ಜನವರಿಯಲ್ಲಿ ನೀನು ಬೂಟು ಹಾಕಿಕೊಂಡು ಒಲೆಯ ಕಡೆಯ ಬಾಗಿಲಿನಿಂದ ಹೋದೆ.

"ಯಾಸುಗೆ ಬರ್ದು ಕೇಳ್ತೀನಿ, ಅವನು ಬರ್ದಿದ್ದು ಅವನೇ ಹೇಳ್ಲಿ" ಅಂದುಬಿಟ್ಟೆ. ಅದಕ್ಕೇ ಕೇಳುತ್ತಿದ್ದೇನೆ. ಯಾವ ಮೊಳೆ? ಯಾವ ಹೆಸರು? ನೀನು ನನ್ನ ಮೇಲಿನ ಸಿಟ್ಟಿನಿಂದ ಹೋದೆಯೋ, ತಂಡದ ಮೇಲಿನ ಆಸೆಯಿಂದ ಹೋದೆಯೋ, ಅದನ್ನೂ ಹೇಳಿಬಿಡು. ಬೀದಿಯವರೆಲ್ಲ "ಯಾಸು ತಂಡದ ಹಿಂದೆ ಓಡಿಹೋದ" ಅಂತ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಒಲೆಯ ಹತ್ತಿರ ಹೋಗಿ ಕೂರುತ್ತೇನೆ.

ಅಕ್ಟೋಬರ್‌ನ ಆ ಸಂಜೆಯನ್ನು ನಾನು ಮರೆತಿಲ್ಲ. ನೀನು ಇಲ್ಲಿನ ಕಡೆಯ ಆಟ ನೋಡಿಕೊಂಡು ಬಂದೆ. ಓಕಿನೋ ನಿನಗಿಂತ ಮುಂಚೆ ಬಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು, "ಮೈದಾನದಲ್ಲಿ ಮೈಕು ಹಿಡಿದು 'ಹೋಗಿಬರ್ತೀವಿ' ಅಂದ್ರು ಅಕ್ಕಾ, ಹೋಗಿಬರ್ತೀವಿ ಅಂದ್ರು" ಅಂತ ಮಗುವಿನ ಹಾಗೆ ಅಳುತ್ತಿದ್ದರು. ನೀನು ಅಳಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ: "ಹೋಗಿಬರ್ತಾರಂತೆ! ಹಾಗಂದು ಹೋದೋರು ಯಾರು ಬಂದಿದಾರೆ ಅಕ್ಕ?" ಆಮೇಲೆ ನಿನ್ನ ಕಣ್ಣು ಗೋಡೆಯ ಮೇಲಿನ ಬಿಲ್ಲೆಗಳಿಗೆ ಹೋಯಿತು. ಕೊನೆಯ ಮೊಳೆಯಲ್ಲಿ ನಂಕಾಯ್. "ಒಂದೇ ಒಂದು ವರ್ಷ ಮೇಲಿನ ಮೊಳೆಗೆ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಸುಮ್ನೆ ಬಾಯಿಮಾತಿಗಾದ್ರೂ?" ಅಂದೆ. ಆಮೇಲೆ ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ಹೊರಡುವಾಗಲೂ ನೀನು "ಸರಿ, ಹಾಗಾದ್ರೆ" ಅಂದೆ ಅಷ್ಟೇ. ಹೋಗಿಬರ್ತೀನಿ ಅನ್ನಲಿಲ್ಲ. ಚಿಕ್ಕಂದಿನಿಂದಲೂ ನೀನು ಆ ಮಾತು ಆಡಿದವನಲ್ಲ. ಶಾಲೆಗೆ ಹೋಗುವಾಗಲೂ ಇಲ್ಲ, ಬ್ಯಾಗು ಹೆಗಲಿಗೇರಿಸಿ "ಹೂಂ" ಅಂದು ಹೊರಡುತ್ತಿದ್ದೆ. ನಾನು ಮಾತ್ರ ಹಿಂದಿನಿಂದ "ಹೋಗ್ಬಾ" ಅನ್ನುತ್ತಲೇ ಇದ್ದೆ. ಜನವರಿಯಲ್ಲೂ ಅಂದೆ. ನೀನು ಬೀದಿಯ ತಿರುವು ದಾಟಿದ್ದೆ, ಕೇಳಿಸಿತೋ ಇಲ್ಲವೋ.

ಪತ್ರಿಕೆಯ ಪಂಡಿತರೆಲ್ಲ ಈ ವರ್ಷವೂ ಸೇಯ್‌ಬು ತಂಡವನ್ನೇ ಮೊದಲಿಗೆ ಹಾಕಿದ್ದಾರೆ. ನಮ್ಮದನ್ನು, ನಿಮ್ಮದು ಅನ್ನಬೇಕೇನೋ, ತಳದಲ್ಲೇ ಇಟ್ಟಿದ್ದಾರೆ. ಒಬ್ಬ ಮಾತ್ರ ನಾಲ್ಕನೆಯದು ಅಂದಿದ್ದಾನೆ, ಅವನು ಯಾರೋ ಒಳ್ಳೆಯ ಮನೆಯವನಿರಬೇಕು. ವಸಂತ ಮುಗಿಯುವುದರೊಳಗೆ ತಂಡ ಕಿಂತೆತ್ಸು ಜೊತೆ ಆಡಲು ಇಲ್ಲೇ ಫುಜಿಇದೆರಾ ಮೈದಾನಕ್ಕೆ ಬರುತ್ತದಂತೆ. "ನಮ್ಮ ಹುಡುಗ್ರು ಓಸಾಕಾದಲ್ಲೇ ಹೊರಗಿನೋರ ಬೆಂಚಲ್ಲಿ ಕೂರ್ತಾರೆ, ಅದನ್ನ ನೋಡೋಕೆ ನಾನು ಬರಲ್ಲ" ಅಂತ ಓಕಿನೋ ಹೇಳುತ್ತಾರೆ. ಟಿಕೆಟ್ ಎಲ್ಲಿ ಸಿಗುತ್ತದೆ ಅಂತಲೂ ವಿಚಾರಿಸುತ್ತಾರೆ.

ಮೊನ್ನೆ ನಮ್ಮ ಮೈದಾನದ ಕಡೆ ಹೋಗಿದ್ದೆ. ಬಾಗಿಲು ಹಾಕಿತ್ತು. ಒಳಗೆ ಯಾರೂ ಇಲ್ಲದಿದ್ದರೂ ನನಗೆ ಅದರ ಕಡಿದಾದ ಮೆಟ್ಟಿಲು ನೆನೆದು ತಲೆ ಸುತ್ತಿತು. ಅದನ್ನು ಕಟ್ಟಿದ ವರ್ಷ ನಿನಗೆ ಹತ್ತು. ಸುಟ್ಟುಹೋದ ತಂಬಾಕು ಕಾರ್ಖಾನೆಯ ಜಾಗದಲ್ಲಿ ಅಷ್ಟು ದೊಡ್ಡದು ಎದ್ದು ನಿಂತಿತ್ತು, ಒರಳಿನ ಒಳಗೆ ಇಣುಕಿದ ಹಾಗೆ ಕಾಣುತ್ತಿತ್ತು. ನೀನು ಉರುಳಿಬಿಡುತ್ತೀಯ ಅಂತ ನಾನು ಆಟ ಮುಗಿಯುವವರೆಗೂ ನಿನ್ನ ಅಂಗಿಯ ಕಾಲರ್ ಹಿಡಿದುಕೊಂಡೇ ಇದ್ದೆ. ನೀನು ಚೆಂಡನ್ನು ನೋಡದೆ ಮೈದಾನದ ಮಣ್ಣನ್ನೇ ನೋಡುತ್ತಿದ್ದೆ. ಆ ವರ್ಷದಿಂದ ಹೋದ ಅಕ್ಟೋಬರಿನವರೆಗೆ ಬಿಟ್ಟೂಬಿಡದೆ ಹೋದೆ.

ಇನ್ನು ನಿಲ್ಲಿಸುತ್ತೇನೆ, ಒಲೆಗೆ ಸೌದೆ ಹಾಕುವ ಹೊತ್ತಾಯಿತು. ನಿನ್ನ ಮೈ ಬೆಚ್ಚಗಿರಲಿ, ಹೊಟ್ಟೆ ತಣ್ಣಗಿರಲಿ, ಆ ಬಾಯ್ಲರ್ ನಿನ್ನ ಮಾತು ಕೇಳಲಿ. ಭಾವನ ಫೋಟೋ ಮುಂದೆ ನಿನ್ನ ಹೆಸರು ಹೇಳಿ ಊದಿನಕಡ್ಡಿ ಹಚ್ಚಿದ್ದೇನೆ. ನಿನಗೆ ಒಳ್ಳೆಯದಾಗಲಿ ಅಂತ ಬರೆಯಲು ನನಗೆ ಹೆದರಿಕೆ, ಆದರೂ ಬರೆದೆ.

ನಿನ್ನ ಅಕ್ಕ
ಕಿನುಯೆ

ಮರೆತ ಮಾತು: ಕಾಗದವನ್ನು ನಿನ್ನೆಯೇ ಡಬ್ಬಿಗೆ ಹಾಕಬೇಕಿತ್ತು, ಹಾಕಲಿಲ್ಲ. ನಿನ್ನೆ, ಮಾರ್ಚ್ ಹದಿಮೂರು, ಯಾವ ದಿನವೆಂದು ನಿನಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಂಡಿಲ್ಲ.

ಯುದ್ಧದ ಕಡೆಯ ವರ್ಷ, ಅವತ್ತು ಸಂಜೆ ಅಮ್ಮ ತಂಬಾಕು ಕಾರ್ಖಾನೆಗೆ ರಾತ್ರಿ ಪಾಳಿಗೆ ಹೊರಟಳು. "ಹೋಗಿಬರ್ತೀನಿ" ಅಂದಳು. ನಾವಿಬ್ಬರೂ "ಹೋಗ್ಬಾ" ಅಂದೆವು, ನೀನು ಜೋರಾಗಿ ಅಂದೆ. ಆಮೇಲೆ ಬಾಂಬಿನ ವಿಮಾನಗಳು ಬಂದವು, ಆ ಕಡೆ ಆಕಾಶವೆಲ್ಲ ಕೆಂಪಾಯಿತು. ನೀನು ಐದು ವರ್ಷದವನು, ನನ್ನ ಬೆನ್ನ ಮೇಲಿದ್ದೆ. "ಅಕ್ಕ, ಅಮ್ಮ ಬರ್ತಾಳಾ?" ಅಂದೆ. ನನಗಿನ್ನೂ ಹದಿಮೂರು. "ಖಂಡಿತ ಬರ್ತಾಳೆ, ಬೆಳಗಾಗೋದ್ರೊಳಗೆ ಬರ್ತಾಳೆ" ಅಂದೆ.

ಯಾಸು, ಅದೇ ನಾನು ಹೇಳಿದ ಕಡೆಯ ಒಳ್ಳೆಯ ಭವಿಷ್ಯ. ಅವತ್ತಿನಿಂದ ಯಾವುದಕ್ಕೂ ಒಳ್ಳೆಯದಾಗುತ್ತದೆ ಅಂತ ನನ್ನ ಬಾಯಿಂದ ಬಂದಿಲ್ಲ. ಕೆಟ್ಟದ್ದನ್ನು ನಾನೇ ಮೊದಲು ಹೇಳಿಬಿಟ್ಟರೆ ಅದು ನಾಚಿಕೊಂಡು ಹಿಂದಕ್ಕೆ ಹೋದೀತು ಅಂತ ಆಸೆ. ನಿನ್ನ ತಂಡ ನನಗೆ ಬೇಡವಾಗಿ ಕೊನೆಗೆ ಹಾಕಿದ್ದಲ್ಲ. ಅಮ್ಮ ಹೋದ ಜಾಗದಲ್ಲಿ ಆಡುವವರು ಅವರು. ಅವರನ್ನು ಮೇಲಿಡಲು ನನಗೆ ಕೈ ಬರುತ್ತಿರಲಿಲ್ಲ. ಅಮ್ಮನ ಹಿಂದೆ ಹೋಗಲು ನಿನಗೆ ಆಗ ಕಾಲು ಸಾಲಲಿಲ್ಲ, ಇವರ ಹಿಂದಾದರೂ ಹೋಗಿ ಕರೆದು ತರೋಣ ಅಂತ ಹೋದೆಯಾ? ನಿನ್ನೆ ಒಲೆಯ ಮುಂದೆ ಕೂತಾಗ ಹಾಗನ್ನಿಸಿತು. ಅಲ್ಲವಾದರೆ ಅಲ್ಲ ಅಂತ ಬರಿ.

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಇವತ್ತು ಬಾಗಿಲು ತೆಗೆಯುವ ಮುಂಚೆಯೇ ಬಿಲ್ಲೆ ಹಾಕಿಬಿಟ್ಟೆ. ಹೆಸರು ಕೆರೆಯಲಿಲ್ಲ, ನೀನು ಬರೆದದ್ದೇ ಇದೆ. ಇಷ್ಟು ವರ್ಷ ಮೇಲಿನವನ್ನೆಲ್ಲ ನೀನು ಹಾಕಿಕೊಡುತ್ತಿದ್ದೆ, ಕೊನೆಯದನ್ನು ನಾನು ಬಗ್ಗಿ ಸಿಕ್ಕಿಸುತ್ತಿದ್ದೆ. ಮೊದಲನೆಯ ಮೊಳೆ ನನಗೆ ಎಟುಕುವುದೇ ಇಲ್ಲ ಅಂತ ಇವತ್ತೇ ಗೊತ್ತಾಗಿದ್ದು. ಸ್ನಾನದ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದೆ. ಓಕಿನೋ ಬಂದು ನೋಡಿ, "ಅಕ್ಕಾ, ಹುಷಾರಾಗಿದೀರಾ? ಜ್ವರಗಿರ ಬಂದಿಲ್ಲ ತಾನೆ?" ಅಂದರು. ಎಲ್ಲರಿಗೂ ಕೇಳಿಸುವ ಹಾಗೆ, "ನನ್ನ ತಮ್ಮ ಬರ್ತಾನೆ" ಅಂತ ಹೇಳಿಬಿಟ್ಟೆ. ಹೇಳಿದವಳೇ ಒಲೆಯ ಕಡೆ ಹೋಗಿ ಸೌದೆ ತುಂಬಿದೆ.

ನಿನ್ನ ಚಪ್ಪಲಿ ಗೂಡಿನಲ್ಲೇ ಇದೆ. ಬಿಲ್ಲೆ ಮೊದಲನೆಯ ಮೊಳೆಯಲ್ಲಿದೆ. ನಿನಗೆ ಎಟುಕುತ್ತದೆ.