ಈ ಸಲ ಕುದುರೆ ತರಬೇಡಿ

ರೀ,

ನೀವು ಮಂದೆ ಹೊಡೆದುಕೊಂಡು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎದುರಿಗಿದ್ದರೆ ಮತ್ತೆ ಜಗಳವಾಗುತ್ತಿತ್ತು. ನಾನು ಓಟದ ಪಂದ್ಯಕ್ಕೆ ಹೊರಟೆ. ನಾರಿನ್‌ನಿಂದ ಇಸಿಕ್ ಕುಲ್ ಸರೋವರದವರೆಗೆ, ಆರು ದಿನ.

ಹೆಣ್ಣುಕುದುರೆಗಳ ಹಾಲನ್ನು ಎರಡು ಗಂಟೆಗೊಮ್ಮೆ ಕರೆಯಬೇಕು, ಮರೆಯಬೇಡಿ. ಆ ಹಾಲು ತೊಗಲಚೀಲದಲ್ಲಿ ಹುಳಿತು ಕುಮಿಸ್ ಆಗುವಂತೆ ಕಡೆಯುವ ಕೆಲಸ ಅತ್ತೆಯ ಮೇಲೆ ಹಾಕಬೇಡಿ, ಅವರಿಗೆ ಭುಜ ನೋವು. ಕುರಿಬಾಲದ ಕೊಬ್ಬು ಅಂಗಾಲಿನ ಬೊಬ್ಬೆಗೆ ಬೇಕೆಂದು ನಾನೇ ಒಯ್ದಿದ್ದೇನೆ. ಹೋದ ವರ್ಷ ಉದುರಿದ ಎರಡು ಉಗುರು ಈಗಷ್ಟೇ ಬಂದಿವೆ. ಮತ್ತೆ ಹೋದರೆ ಹೋಗಲಿ.

ಹೋದ ವರ್ಷ ನಾಲ್ಕನೆಯ ದಿನ, ಕಣಿವೆದಾರಿಯ ಏರಿನಲ್ಲಿ ನಾನು ಕುಂಟುತ್ತಿದ್ದಾಗ ನೀವು ಬೂದು ಕುದುರೆಗೆ ನನ್ನ ಜೀನು ಹಾಕಿಕೊಂಡು ಬಂದಿರಿ. "ಮನೇಲಿ ನಲವತ್ತು ಕುದುರೆ ಇಟ್ಕೊಂಡು ನನ್ನ ಹೆಂಡ್ತಿ ಕುಂಟ್ಕೊಂಡು ಹೋಗೋದಾ? ಮೇಲೆ ಹತ್ತೇ!" ಎಂದಿರಿ. ಹತ್ತಿದೆ. ಓಟ ನಡೆಸುವವರು ಅಲ್ಲೇ ನನ್ನ ಹೆಸರು ಹೊಡೆದುಹಾಕಿದರು.

ವರ್ಷವಿಡೀ ನಿಮ್ಮನ್ನೇ ಬೈದೆ. ನಿಜ ಹೇಳಲಾ? ನೀವು ಕಾಣಿಸುವುದಕ್ಕೂ ಮೊದಲೇ ನನ್ನೊಳಗೆ ಯಾರೋ "ಸಾಕು ಕಲಿಪಾ, ಕೂತ್ಬಿಡು" ಅನ್ನುತ್ತಲೇ ಇದ್ದರು. ಕುದುರೆ ಒಂದು ನೆಪವಾಯಿತು. ಈ ಸಲ ಅವರ ಬಾಯಿ ಮುಚ್ಚಿಸಬೇಕು.

ನನ್ನ ಜೀನು ಹುಡುಕಬೇಡಿ. ಅತ್ತೆಯನ್ನು ಕೇಳಿಯೂ ಪ್ರಯೋಜನವಿಲ್ಲ, ಅಡಗಿಸಿಟ್ಟದ್ದೇ ಅವರು.

ಶುಕ್ರವಾರ ಅದೇ ಏರು ಹತ್ತುತ್ತೇನೆ. ನೋಡದೆ ಇರಲಾರೆ ಅನ್ನಿಸಿದರೆ ಬನ್ನಿ. ಆದರೆ ನಡೆದುಕೊಂಡು ಬನ್ನಿ.

ಕಲಿಪಾ